ಹನುಮಂತರಾಯನ ನಿಷ್ಪಕ್ಷಪಾತ ವಿಮರ್ಶೆ

ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಯೊಂದರಲ್ಲಿ ಹನುಮಂತರಾಯ ತೂಕದ ಗುಮಾಸ್ತ. ಲಾರಿ ತೂಗಿಸುವುದು ಹೊಟ್ಟೆಪಾಡಿಗೆ. ಅವನ ಸ್ವಂತ ಅಭಿಪ್ರಾಯದಲ್ಲಿ ಅವನು ಹುಟ್ಟಿದ್ದು ವಿಡಿಯೋ ಗೇಮುಗಳನ್ನು ತೂಗುವುದಕ್ಕೆ. ಅದಕ್ಕೆಂದೇ ಯೂಟ್ಯೂಬಿನಲ್ಲಿ ‘ನ್ಯಾಯದ ತಕ್ಕಡಿ’ ಎಂಬ ಚಾನೆಲ್ಲು ತೆರೆದಿದ್ದ. “ನಮಸ್ಕಾರ ವೀಕ್ಷಕ ಮಹಾಶಯರೇ” ಎಂದು ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದ. ವೀಕ್ಷಕ ಮಹಾಶಯರು ಅಂದರೆ ಮುಖ್ಯವಾಗಿ ಗಿರಣಿಯ ವಾಚ್‌ಮನ್ ಕ್ಯಾತಪ್ಪ, ಮತ್ತೆ ಕನ್ನಡದ ಒಂದಕ್ಷರವೂ ಬಾರದೆ ಪ್ರತಿ ವಿಡಿಯೋಗೂ ತಪ್ಪದೆ ಹೆಬ್ಬೆರಳು ಎತ್ತುತ್ತಿದ್ದ ಯಾರೋ ಒಬ್ಬ ಬಿಹಾರದ ಪುಣ್ಯಾತ್ಮ. ಹೆಂಡತಿ ತೇಜಶ್ರೀ ಕೂಡ ನೋಡುತ್ತಿದ್ದಳು. ಗಂಡ ಎಲ್ಲಿದ್ದಾನೆ ಎಂದು ತಿಳಿದುಕೊಳ್ಳಲು.

ಹನುಮಂತರಾಯನ ಪ್ರಾಣ ಇದ್ದದ್ದು ‘ಶ್ಯಾಡೋ ಸಿಕಲ್’ ಎಂಬ ಹೊಡೆದಾಟದ ಆಟದಲ್ಲಿ. ಕಾಲೇಜಿಗೆ ಚಕ್ಕರ್ ಹೊಡೆದು ಆಡಿದ ಆಟ ಅದು. ಅದರ ನಾಯಕನಿಗೆ ಹೆಗಲವರೆಗೆ ಬೆಳ್ಳಿ ಕೂದಲು, ಮೈಮೇಲೆ ಕೆಂಪು ನಿಲುವಂಗಿ, ಕೈಯಲ್ಲಿ ಆಳೆತ್ತರದ ಕುಡುಗೋಲು. ರಾಕ್ಷಸರ ಹಿಂಡು ಎದುರಿಗೆ ನಿಂತರೂ ನಗುವವನು. ಅಂಥವನನ್ನು ಹೆಸರು ಹಿಡಿದು ಕರೆಯಲು ಮನಸ್ಸೊಪ್ಪದೆ ಹನುಮಂತರಾಯ ಮೊದಲಿಂದಲೂ ‘ಯಜಮಾನರು’ ಎನ್ನುತ್ತಿದ್ದ. ಈಗ ಕಂಪನಿಯವರು ಅದೇ ಆಟವನ್ನು ತಳದಿಂದ ಹೊಸದಾಗಿ ಕಟ್ಟಿ, ರೀಬೂಟ್ ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟಿದ್ದರು. ಯಜಮಾನರ ಜಾಗದಲ್ಲಿ ಕೂದಲು ಕತ್ತರಿಸಿಕೊಂಡ, ಬಾಯಿ ತೆಗೆದರೆ ಬೈಗುಳ ಉದುರಿಸುವ ಒಬ್ಬ ಹುಡುಗ. ಭೂಮಂಡಲದ ಅಭಿಮಾನಿಗಳೆಲ್ಲ ಎರಡು ಪಕ್ಷವಾಗಿ, ಇವರು ಅವರ ವಂಶ ಜಾಲಾಡಿ, ಅವರು ಇವರ ವಂಶ ಜಾಲಾಡಿ, ಇಂಟರ್‌ನೆಟ್ಟು ಹೊಗೆಯಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಜಗತ್ತು ಒಂದು ನ್ಯಾಯವಾದ ಮಾತಿಗಾಗಿ ಚಳ್ಳಕೆರೆಯ ಕಡೆ ನೋಡುತ್ತಿದೆ ಎಂದು ಹನುಮಂತರಾಯನಿಗೆ ಖಾತ್ರಿಯಾಯಿತು.

ಅವನು ಹೊಸ ಆಟದ ಕೊನೆಯ ರಾಕ್ಷಸನನ್ನು ಬಡಿಯುತ್ತಿದ್ದಾಗಲೇ ಮೊಳಕಾಲ್ಮುರಿನ ತವರಿನಿಂದ ತೇಜಶ್ರೀಯ ಫೋನು ಬಂತು.

“ರೀ, ಭಾನುವಾರ ಇಲ್ಲಿ ನೇಕಾರರ ಸಂಘದ ಸಭೆ ಐತೆ. ಅಪ್ಪನೇ ಅಧ್ಯಕ್ಷರಾಗಿ ಉಳೀಬೇಕು ಅಂತ ಅರ್ಧ ಊರು, ಚಿಕ್ಕಮ್ಮನ ಮಗ ಹೇಮಂತ ಆಗ್ಬೇಕು ಅಂತ ಇನ್ನರ್ಧ. ಸಂಘಾನೇ ಒಡೆದು ಎರಡಾಗೋ ಹಂಗೈತೆ. ಅಪ್ಪ ಚಿಕ್ಕಮ್ಮನ ಮನೆ ಕಡೆ ಮುಖ ಹಾಕ್ತಿಲ್ಲ. ನೀವು ಬಂದು ಊಟ ಮಾಡಿ ಸುಮ್ನೆ ಕೂತ್ಕೊಳ್ರಿ. ಹಳೇಬ್ರು, ಹೊಸಬ್ರು ಅಂತ ಮಾತೇ ಎತ್ತಬೇಡ್ರಿ. ಕೇಳಿಸ್ತಾ?”

“ಹ್ಞೂಂ ಹ್ಞೂಂ,” ಎಂದ ಹನುಮಂತರಾಯ. ಅವನಿಗೆ ಕೇಳಿಸಿದ್ದು ‘ಭಾನುವಾರ’ ಮತ್ತು ‘ಊಟ’ ಮಾತ್ರ.

ಹಾಗಾಗಿ ಭಾನುವಾರ ಬೆಳಿಗ್ಗೆ ಮೊಳಕಾಲ್ಮುರಿನ ಖಾಸಗಿ ಬಸ್ಸು ಹತ್ತಿದ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಸೀಟು ಸಿಕ್ಕ ಖುಷಿಗೆ ವಿಮರ್ಶೆ ಉಕ್ಕಿ ಬಂತು. ಕಿವಿಗೆ ಇಯರ್‌ಫೋನು ತುರುಕಿ, ಮೊಬೈಲನ್ನು ಮುಖದ ಮುಂದೆ ಹಿಡಿದು, ಕೆಂಪು ಗುಂಡಿ ಒತ್ತಿ ಶುರುಮಾಡಿದ. ಕಿವಿಗೆ ಬೆಣೆ ಹೊಡೆದುಕೊಂಡವನಿಗೆ ತನ್ನ ದನಿ ತನಗೇ ಕೇಳಿಸುವುದಿಲ್ಲ. ಮೇಲಾಗಿ ಇಂಜಿನ್ನಿನ ಸದ್ದು. ಹೀಗಾಗಿ ಅವನು ಮಾತಾಡಿದ್ದು ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ದನಿಯಲ್ಲಿ.

ಹಿಂದಿನ ಸೀಟಿನಲ್ಲಿ ಕೂತಿದ್ದವರು ಎರ್ರಮ್ಮ. ಹನುಮಂತರಾಯನ ಮಾವ ಸೂರಪ್ಪನವರ ಸ್ವಂತ ಅಕ್ಕ. ಚಳ್ಳಕೆರೆಯಲ್ಲಿ ಕಣ್ಣು ತೋರಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ವಾಪಸ್ಸಾಗುತ್ತಿದ್ದರು. ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದ್ದ ಹೆಂಗಸು. ಮುಂದಿನ ಸೀಟಿನ ದನಿ ತಮ್ಮನ ಅಳಿಯನದು ಎಂದು ಗೊತ್ತಾಗಿ ಮಾತಾಡಿಸಬೇಕು ಅನ್ನುವಷ್ಟರಲ್ಲಿ—

“ವೀಕ್ಷಕ ಮಹಾಶಯರೇ! ಹಳೆಯವರು ಮೇಲೋ ಹೊಸಬ ಮೇಲೋ ಅಂತ ಎಲ್ಲಾ ಕಡೆ ಜಗಳ ಎದ್ದೈತೆ. ನಾನು ಯಾರ ಪಕ್ಷಾನೂ ಅಲ್ಲ. ಮೊದಲು ನಮ್ಮ ಯಜಮಾನರ ಮಾತು!”

ಮೊಳಕಾಲ್ಮುರಿನಲ್ಲಿ ಯಜಮಾನರು ಅಂದರೆ ಒಬ್ಬರೇ, ಸೂರಪ್ಪ. ಅವರಿಗೂ ಬೆಳ್ಳಿ ಕೂದಲು. ಹೆಗಲ ಮೇಲೆ ಮಳೆ ಬಿಸಿಲು ಅನ್ನದೆ ಕೆಂಪು ಶಾಲು. ಎರ್ರಮ್ಮ ಮಾತಾಡಿಸಲಿಲ್ಲ. ಸೊಂಟದ ಚೀಲದಿಂದ ಮೊಬೈಲು ತೆಗೆದು, ತಮ್ಮನಿಗೆ ಫೋನು ಹಚ್ಚಿ, “ಏಮಪ್ಪಾ ಸೂರಿ, ಮಾತಾಡ್ಬೇಡ, ಕೇಳು,” ಎಂದು ಹನುಮಂತರಾಯನ ತಲೆಯ ಹಿಂದೆ ಹಿಡಿದರು.

ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ ಸೂರಪ್ಪ ಫೋನಿನ ಸ್ಪೀಕರು ಹಾಕಿದರು. ಒಂದೊಂದೇ ಮಗ್ಗ ನಿಂತಿತು.

“ಆ ಬೆಳ್ಳಿ ಕೂದಲು! ಆ ಕೆಂಪು ಬಟ್ಟೆ! ಎಂಥೆಂಥಾ ರಾಕ್ಷಸರು ಬಂದು ನಿಂತ್ರೂ ನಕ್ಕೊಂಡೇ ನಿಭಾಯಿಸಿದ್ರು. ಆ ಗತ್ತು ಇನ್ನು ಯಾರಿಗೆ ಬರ್ತೈತೆ? ಅವರಿಲ್ಲದಿದ್ರೆ ಈ ಹೆಸರೇ ಇರ್ತಿರಲಿಲ್ಲ! ನಾನು ಹುಡುಗ ಇದ್ದಾಗಿಂದ ಅವರ ಭಕ್ತ ಕಣ್ರಿ!”

ಸೂರಪ್ಪ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. ಮದುವೆಯಾದಾಗಿನಿಂದ ಈ ಅಳಿಯ ತಮ್ಮೆದುರು “ಮಳೆ ಬರಂಗಿಲ್ಲ ಅಲ್ವಾ ಮಾವ” ಅನ್ನುವುದಕ್ಕಿಂತ ಉದ್ದದ ಮಾತಾಡಿದ್ದಿಲ್ಲ. “ರಾಕ್ಷಸರು ಅಂದ್ರೆ ಆ ರೇಷ್ಮೆ ನೂಲಿನ ದಲ್ಲಾಳಿಗಳು,” ಎಂದು ಮಗ್ಗದ ಮುಂದಿದ್ದ ಯತ್ತಪ್ಪ ಪಕ್ಕದವರಿಗೆ ಬಿಡಿಸಿ ಹೇಳಿದ.

ತಳಕು ದಾಟಿದ ಮೇಲೆ ಸಿಗ್ನಲ್ಲು ಹೋಯಿತು. ಸಿಗ್ನಲ್ಲಿಲ್ಲದ ಆ ಹೊತ್ತಿನಲ್ಲೇ ಹನುಮಂತರಾಯ ಯಜಮಾನರ ದೋಷಗಳನ್ನೂ ನಿಷ್ಠುರವಾಗಿ ಹೇಳಿ ಮುಗಿಸಿದ. ಅದನ್ನು ಕೇಳಿದ್ದು ಬಸ್ಸು ಮಾತ್ರ. ಬಿ.ಜಿ. ಕೆರೆಯ ಹತ್ತಿರ ಸಿಗ್ನಲ್ಲು ಮರಳಿದಾಗ ಅವನು ಹೊಸಬನ ವಿಷಯಕ್ಕೆ ಬಂದಿದ್ದ. ಎರ್ರಮ್ಮ ಯೋಚಿಸಿದರು. ಒಬ್ಬರಿಗೆ ಕೇಳಿಸಿ ಇನ್ನೊಬ್ಬರಿಗೆ ಕೇಳಿಸದಿದ್ದರೆ ದೇವರು ಮೆಚ್ಚುವುದಿಲ್ಲ. ಈ ಸಲ ಫೋನು ಹೋದದ್ದು ತೀರಿಕೊಂಡ ಕಿರಿಯ ತಮ್ಮನ ಹೆಂಡತಿ ನಿರ್ಮಲಾಗೆ. ಅಧ್ಯಕ್ಷಗಿರಿಗೆ ನಿಂತಿದ್ದ ಹೇಮಂತನ ತಾಯಿ ಈಕೆ.

“ಹೊಸಬನ್ನ ಎಲ್ಲಾರೂ ಸುಮ್ಸುಮ್ನೆ ಬೈತಾರೆ. ನ್ಯಾಯವಾಗಿ ಹೇಳ್ತೀನಿ, ಆ ಹುಡುಗನ ಕೈಚಳಕ ನೋಡ್ಬೇಕು! ಒಂದು ನಿಮಿಷ ಸುಮ್ನೆ ನಿಲ್ಲಲ್ಲ. ಮತ್ತೆ ಆ ಬಣ್ಣಗಳು! ಅಬ್ಬಬ್ಬಾ, ಕಣ್ಣಿಗೆ ಹಬ್ಬ! ಇಂಥಾ ಬಣ್ಣ ಹಳೆಯವರ ಕಾಲದಾಗೆ ಕನಸಿನಾಗೂ ಇರಲಿಲ್ಲ!”

ಹೇಮಂತ ತಂದಿದ್ದ ಹೊಸ ಬಣ್ಣದ ಸೀರೆಗಳನ್ನು ಹಳಬರೆಲ್ಲ “ಐಸ್‌ಕ್ಯಾಂಡಿ” ಎಂದು ಅಣಕಿಸುತ್ತಿದ್ದ ಕಾಲ ಅದು. ನಿರ್ಮಲಾ ಮುಂದಿನ ಮಾತಿಗೆ ಕಾಯಲಿಲ್ಲ. ಫೋನು ಇಟ್ಟು ಬೀದಿಗೆ ಓಡಿದರು. “ಕೇಳಿದ್ರೇನ್ರೇ, ಸೂರಪ್ಪ ಭಾವನ ಸ್ವಂತ ಅಳಿಯನೇ ನಮ್ಮ ಹುಡುಗನ ಕಡೆ!”

ಹೀಗೆ, ಬಸ್ಸು ಊರು ಮುಟ್ಟುವ ಮೊದಲೇ ಹನುಮಂತರಾಯನ ಅರ್ಧರ್ಧ ಮಾತು ಊರು ಮುಟ್ಟಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎರಡು ಗುಂಪು. ಒಂದು ಕಡೆ ಬಿಳಿ ಪಂಚೆಯ ಹಿರಿಯರು, ನಡುವೆ ಸೂರಪ್ಪ. ಇನ್ನೊಂದು ಕಡೆ ಬೈಕು ಹತ್ತಿದ ಯುವಕರು, ನಡುವೆ ನಿರ್ಮಲಾ, ಅವರ ಕೈಯಲ್ಲಿ ಹೂವಿನ ಹಾರ.

“ಅಳಿಯಂದಿರೇ!” ಸೂರಪ್ಪ ಎರಡೂ ಕೈ ಹಿಡಿದುಕೊಂಡರು. “ನಿಮ್ಮ ಮಾತು ಕೇಳಿದೆ. ಮಗ್ಗದ ಮನೆ ಪೂರ್ತಿ ಕೇಳ್ತು. ಕಣ್ಣಾಗೆ ನೀರು ಬಂತು.”

“ನಾವೂ ಕೇಳಿದ್ವಿ!” ನಿರ್ಮಲಾ ಹಾರ ಹಾಕಿಯೇಬಿಟ್ಟರು. “ಆ ಬಣ್ಣದ ಮಾತು ಹೇಳಿದ್ರಲ್ಲ, ಅಷ್ಟು ಸಾಕು ನಮಗೆ!”

ಹನುಮಂತರಾಯ ಮೊಬೈಲು ನೋಡಿದ. ಒತ್ತಿದ್ದು ಕೆಂಪು ಗುಂಡಿ. ರೆಕಾರ್ಡಿಗೆ ಒತ್ತುವ ಬದಲು ಲೈವ್ ಒತ್ತಿಬಿಟ್ಟೆನೇನೋ! ಲೈವ್ ಹೋಗಿದೆ, ಜನ ನೋಡಿದ್ದಾರೆ, ಅತ್ತಿದ್ದಾರೆ. ಮೊಳಕಾಲ್ಮುರಿನ ಹಿರಿಯರು ಪಂಚೆ ಉಟ್ಟುಕೊಂಡೇ ಶ್ಯಾಡೋ ಸಿಕಲ್ ಆಡುತ್ತಾರೆ ಎಂಬ ಸಂಗತಿ ಇಷ್ಟು ವರ್ಷ ತನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ನಿಮಗೂ ಈ ಆಟದ ಹುಚ್ಚು ಇದೆ ಅಂತ ಗೊತ್ತಿರಲಿಲ್ಲ ಮಾವ,” ಎಂದ.

“ಆಟ ಅಂತ ನೀವು ಅಂತೀರಿ. ನಮಗೆ ಇದು ಜೀವನ,” ಎಂದರು ಸೂರಪ್ಪ.

ಹನುಮಂತರಾಯನ ಮೈ ಜುಮ್ಮೆಂದಿತು. ಚಳ್ಳಕೆರೆಯಲ್ಲಿ ಈ ಮಾತು ಹೇಳಿದವರಿಲ್ಲ.

ಅವನ ಹಿಂದೆಯೇ ಬಸ್ಸಿಳಿದ ಎರ್ರಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಆಟೋ ಹತ್ತಿದರು.

ಮಾವನ ಮನೆಯಲ್ಲಿ ಹೋಳಿಗೆ ಊಟ. ಊಟವಾಗಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ನಿರ್ಮಲಾ ಮನೆಯಿಂದ ಕಾಫಿಗೆ ಕರೆ. ಅಲ್ಲಿ ಕಾಫಿಯ ಹಿಂದೆ ಮಿರ್ಚಿ, ಮಿರ್ಚಿಯ ಹಿಂದೆ ಜಿಲೇಬಿ. ಎರಡು ಮನೆಯಲ್ಲೂ ಅವನು ಒಂದೇ ಮಾತು ಹೇಳಿದ: “ನಾನು ಎರಡೂ ಕಡೆ ನೋಡಿದೀನಿ.” ಎರಡು ಮನೆಯವರೂ ಅದನ್ನು ತಮ್ಮ ಕಡೆ ಎಂದೇ ತಿಳಿದು ಇನ್ನಷ್ಟು ಬಡಿಸಿದರು. ತೇಜಶ್ರೀ ಅಡುಗೆಮನೆ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿ ಕೇಳಿದಳು, “ಏನ್ರಿ ಹೇಳಿದ್ರಿ ಇವರಿಗೆಲ್ಲ?”

“ವಿಮರ್ಶೆ,” ಎಂದ ಹನುಮಂತರಾಯ ಗಂಭೀರವಾಗಿ.

“ನಾನು ಬಾಯಿ ಬಿಡಬೇಡ್ರಿ ಅಂದಿದ್ದೆ.”

“ಮೆಚ್ಚಿದಾರೆ ಕಣೇ. ಮಾವಂಗೆ ಕಣ್ಣಾಗೆ ನೀರು ಬಂದೈತೆ. ನೀನು ಒಂದು ದಿನಾನಾದ್ರೂ ನನ್ನ ವಿಡಿಯೋ ನೋಡಿ ಅತ್ತಿದ್ದೀಯಾ?”

“ದಿನಾ ಅಳ್ತೀನಿ,” ಎಂದಳು ತೇಜಶ್ರೀ.

ಸಭೆ ಸಂಘದ ಕಟ್ಟಡದ ಮುಂದಿನ ಶಾಮಿಯಾನದಲ್ಲಿ. ಎಡಕ್ಕೆ ಹಳಬರು, ಬಲಕ್ಕೆ ಯುವಕರು, ನಡುವೆ ಎಮ್ಮೆ ಹಾದುಹೋಗುವಷ್ಟು ಜಾಗ. ಸಹಕಾರ ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಎರಡು ಪಕ್ಷದವರೂ ತಂದಿಟ್ಟ ಎಳನೀರು ಕುಡಿದು ಸಮತೋಲನ ಕಾಪಾಡಿಕೊಂಡಿದ್ದರು. ಮಾತು ಶುರುವಾಗುವ ಮೊದಲೇ ಕೂಗಾಟ ಶುರುವಾಯಿತು. ಒಬ್ಬರು ಸಂಘ ಒಡೆಯಲಿ ಎಂದರು, ಯುವಕರು ಸಂಘದ ಹಳೇ ಹೆಸರಿನ ಬೋರ್ಡು ನಮಗೆ ಎಂದರು. ಅಷ್ಟರಲ್ಲಿ ಯತ್ತಪ್ಪ ಎದ್ದು, “ಹೊರಗಿನವರು ಒಬ್ಬರು ನ್ಯಾಯ ಹೇಳ್ಲಿ! ಸೂರಪ್ಪನವರ ಅಳಿಯಂದಿರು ಮಾತಾಡ್ಲಿ!” ಎಂದ. “ಆಗ್ಲಿ, ಹನುಮಂತ ಬಾವಾನೇ ಮಾತಾಡ್ಲಿ!” ಎಂದಿತು ಎದುರು ಪಕ್ಷ. ಒಂದು ವಿಷಯಕ್ಕೆ ಎರಡೂ ಪಕ್ಷ ಒಪ್ಪಿದ್ದು ಅದೇ ಮೊದಲು. ಅಧಿಕಾರಿ ಗಾಬರಿಯಾಗಿ ಮೈಕು ಕೊಟ್ಟರು.

ಹೆಂಗಸರ ಸಾಲಿನಿಂದ ತೇಜಶ್ರೀ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮೀಸೆ ಒರೆಸಿಕೋ ಅನ್ನುತ್ತಿದ್ದಾಳೆ ಎಂದುಕೊಂಡು ಅವನು ಮೀಸೆ ಒರೆಸಿಕೊಂಡ.

“ನಮಸ್ಕಾರ ವೀಕ್ಷಕ ಮಹಾಶಯರೇ! ಇಷ್ಟೊಂದು ಜನ ಈ ವಿಷಯಕ್ಕೆ ಸೇರಿದ್ದು ನಾನು ಎಲ್ಲೂ ಕಂಡಿಲ್ಲ. ಬೆಳಿಗ್ಗೆ ಅರ್ಧಂಬರ್ಧ ಕೇಳಿದೀರಿ, ಈಗ ಪೂರ್ತಿ ಕೇಳ್ರಿ. ಯಜಮಾನರ ಗತ್ತು ಹೇಳಿದೆ. ದೋಷಾನೂ ಹೇಳ್ತೀನಿ. ಅವರ ಕಾಲದಾಗೆ ಒಂದು ಬಾಗಿಲು ತೆಗೀಬೇಕಂದ್ರೆ ಕೀಲಿ ಹುಡುಕೋದೇ ದೊಡ್ಡ ಕೆಲಸ! ಅರ್ಧ ಆಯಸ್ಸು ಕೀಲಿ ಹುಡುಕೋದ್ರಾಗೇ ಹೋತು!”

ಸಂಘದ ಉಗ್ರಾಣದ ಕೀಲಿಯನ್ನು ಸೂರಪ್ಪ ಬೇರೆ ಯಾರ ಕೈಗೂ ಕೊಟ್ಟವರಲ್ಲ. ಅವರು ಜಳಕಕ್ಕೆ ಹೋದರೆ ನೂಲಿಗೆ ಬಂದವರು ಜಗಲಿಯಲ್ಲಿ ಕಾಯಬೇಕಿತ್ತು. ಸೂರಪ್ಪನವರ ಕೈ ತಾನಾಗೇ ಸೊಂಟದ ಕೀಲಿಯ ಮೇಲೆ ಹೋಯಿತು. ಬಲಗಡೆಯವರು ಸೀಟಿ ಹೊಡೆದರು.

“ಸೀಟಿ ಹೊಡೀಬೇಡ್ರಿ, ನಿಮ್ಮವನ ಹತ್ರ ಬರ್ತೀನಿ. ಕೈ ಚುರುಕು, ಬಣ್ಣ ಚೆಂದ, ಎಲ್ಲಾ ಸರಿ. ಬಾಯಿ ಯಾಕಪ್ಪ ಅಷ್ಟು ಹೊಲಸು? ಹಳೆಯವರ ಕೆಂಪು ಬಟ್ಟೆ ಸಿಕ್ರೆ ಅದರಾಗೆ ಬೂಟು ಒರೆಸ್ತಾನೆ! ಇದು ಮರ್ಯಾದೆನಾ?”

“ಬೂಟಲ್ಲ, ಸ್ಕೂಟ್ರು!” ಎಂದು ಎಡಗಡೆಯಿಂದ ಯಾರೋ ತಿದ್ದಿದರು. ಹೇಮಂತ ದೊಡ್ಡಪ್ಪನ ಹಳೇ ಶಾಲಿನಲ್ಲಿ ಸ್ಕೂಟರು ಒರೆಸಿದ್ದು ಊರಿಗೆಲ್ಲ ಗೊತ್ತಿತ್ತು.

“ಸ್ಕೂಟ್ರು ನಾನು ನೋಡಿಲ್ಲ, ಇದ್ರೂ ಇರಬಹುದು,” ಎಂದ ಹನುಮಂತರಾಯ ಪ್ರಾಮಾಣಿಕವಾಗಿ. “ಆದ್ರೆ ಆ ಹಾರೋ ತಿಮಿಂಗಿಲದ ಜೊತೆ ಹೊಡೆದಾಡ್ತಾನಲ್ಲ, ಅದು ಮಾತ್ರ ಅದ್ಭುತ!”

“ತಿಮಿಂಗಿಲ ಅಂದ್ರೆ ಬೆಂಗಳೂರಿನ ದೊಡ್ಡ ವ್ಯಾಪಾರಿ,” ಎಂದು ಯತ್ತಪ್ಪ ಪಿಸುಗುಟ್ಟಿದ. ಎಲ್ಲರೂ ತಲೆಯಾಡಿಸಿದರು. ಒಬ್ಬ ಹೇಮಂತ ಮಾತ್ರ ಕುಡಿಯುತ್ತಿದ್ದ ಮಜ್ಜಿಗೆ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದ.

ಹನುಮಂತರಾಯ ಈಗ ಮೈಮರೆತಿದ್ದ. “ಕೊನೇ ಮಾತು. ಹೊಸಬ ತನ್ನದೇ ಹೆಸರಿಟ್ಕೊಂಡು ಬಂದಿದ್ರೆ ಯಾರೂ ಬೈತಿರಲಿಲ್ಲ. ಹಳೆಯವರ ಹೆಸರು ಬೇಕು, ಹಳೆಯವರು ಬೇಡ ಅಂದ್ರೆ ಹೊಟ್ಟೆ ಉರಿಯಲ್ವಾ? ಹಂಗೇ ಹಳೆಯವರ ಅಭಿಮಾನಿಗಳಿಗೂ ಕೇಳ್ತೀನಿ. ಬೈಯೋ ಮುಂಚೆ ಒಂದ್ಸಲನಾದ್ರೂ ಮುಟ್ಟಿ ನೋಡಿದೀರಾ? ಕೈಲಿ ಹಿಡೀದೇನೇ ಬೈದ್ರೆ ಅದು ನ್ಯಾಯನಾ?”

ಹೊಸ ವಿನ್ಯಾಸದ ಸೀರೆಯನ್ನು ಎಡಗಡೆಯವರು ಯಾರೂ ಮಗ್ಗಕ್ಕೆ ಹಾಕಿರಲಿಲ್ಲ. ಕೆಲವರು ಪಂಚೆಯ ಅಂಚು ನೋಡಿಕೊಂಡರು. ಅಧಿಕಾರಿಯ ಎಳನೀರಿನ ಸ್ಟ್ರಾ ಗೊರಗೊರ ಎಂದಿತು.

ಸೂರಪ್ಪ ಎದ್ದರು. ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. “ಮನೆ ಅಳಿಯ ಮುಖಕ್ಕೆ ಹೇಳಿದಮೇಲೆ ಇನ್ನೇನೈತೆ? ಹುಡುಗ ಕೂರ್ಲಿ. ನಾನು ಮೊದಲು ಆ ಐಸ್‌ಕ್ಯಾಂಡಿ ಸೀರೆ ಒಂದು ನೇಯ್ದು ನೋಡ್ತೀನಿ.”

ಹೇಮಂತ ಇನ್ನೂ ಕೆಮ್ಮುತ್ತಲೇ ಬಂದು ದೊಡ್ಡಪ್ಪನ ಕಾಲು ಮುಟ್ಟಿದ. “ನಿಮ್ಮ ಹಳೇ ಸೀರೆಯ ನವಿಲಿನ ಅಂಚು ತೆಗೆಯಲ್ಲ ದೊಡ್ಡಪ್ಪ. ವಿನ್ಯಾಸ ನೀವೇ ಆರಿಸ್ರಿ. ಬಾಯೂ ತಿದ್ಕೊಳ್ತೀನಿ.” ನಿರ್ಮಲಾ ಅತ್ತರು. ಯತ್ತಪ್ಪ ಅತ್ತ. ಎರ್ರಮ್ಮ ಕಪ್ಪು ಕನ್ನಡಕ ತೆಗೆಯದೆ, “ಬಾಗುಂದಿ, ಚೆನ್ನಾಗೈತೆ,” ಎಂದರು. ಅಧಿಕಾರಿ ಇದು ಅವಿರೋಧ ಆಯ್ಕೆ ಎಂದು ಘೋಷಿಸಿ ಜೀಪು ಹತ್ತಿದರು.

ಹನುಮಂತರಾಯ ಮೈಕು ಹಿಡಿದೇ ನಿಂತಿದ್ದ. ವಿಮರ್ಶೆಗೆ ಈ ಶಕ್ತಿ ಇದೆ ಎಂದು ಅವನಿಗೂ ಗೊತ್ತಿರಲಿಲ್ಲ. ಯಾವ ಸೀರೆ, ಯಾವ ಕೀಲಿ ಎಂಬುದು ಮಾತ್ರ ಸ್ವಲ್ಪ ಅರ್ಥವಾಗಲಿಲ್ಲ.

ಹೇಮಂತ ಅವನ ತೋಳು ಹಿಡಿದು ಸೀದಾ ತನ್ನ ಮನೆಯ ಮಹಡಿಗೆ ಕರೆದೊಯ್ದು ಬಾಗಿಲು ಹಾಕಿದ. ಒಳಗೆ ಟಿವಿ, ಟಿವಿಯ ಪಕ್ಕ ಶ್ಯಾಡೋ ಸಿಕಲ್ಲಿನ ಡಬ್ಬಿ.

“ಬಾವ, ನೀವು ಹೇಳಿದ್ದು ಈ ಗೇಮಿನ ಬಗ್ಗೆ ಅಲ್ವಾ?”

“ಮತ್ತೆ ಇನ್ಯಾವುದರ ಬಗ್ಗೆ?”

ಹೇಮಂತ ಬಿಡಿಸಿ ಹೇಳಿದ. ಹನುಮಂತರಾಯ ನಿಧಾನವಾಗಿ ಮಂಚದ ಮೇಲೆ ಕೂತ. ಮಾವನ ಕೆಂಪು ಶಾಲು, ಕೀಲಿ, ಹಾರ, ಜಿಲೇಬಿ ಎಲ್ಲವೂ ಕಣ್ಣೆದುರು ಬಂದು ಹೋದವು.

“ತಿಮಿಂಗಿಲ ಅಂದಾಗ ಗೊತ್ತಾಯ್ತು ನಂಗೆ,” ಎಂದ ಹೇಮಂತ. “ನಿಲ್ಲಿಸೋಣ ಅಂತಿದ್ದೆ. ಆದ್ರೆ ಆ ‘ಹೆಸರು ಬೇಕು, ಹಳೆಯವರು ಬೇಡ’ ಅಂದ್ರಲ್ಲ, ಅದು ಎದೆಗೆ ನಾಟ್ತು. ಹೋಗ್ಲಿ ಬಿಡ್ರಿ, ಯಾರಿಗೂ ಹೇಳೋದು ಬೇಡ. ಅದ್ಸರಿ ಬಾವ, ನಿಮ್ಮ ಹಳೇ ಗೇಮು ಮಾತ್ರ ದಂಡ. ಹೊಸದೇ ಮೇಲು.”

ದಿನವಿಡೀ ಯಾರ ಪಕ್ಷವೂ ಅಲ್ಲದೆ ಇದ್ದ ಹನುಮಂತರಾಯ ಎದ್ದು ನಿಂತ.

“ಏನಂದೆ?”

“ದಂಡ ಅಂದೆ. ಎತ್ತಿನಗಾಡಿ ಇದ್ದಂಗೈತೆ.”

“ಲೇ! ಆಡಿದ್ದೀಯೇನೋ ಹಳೇದನ್ನ?”

“ಆಡೋದ್ಯಾಕೆ, ನೋಡಿದ್ರೇ ಗೊತ್ತಾಗ್ತೈತೆ!”

“ಯಜಮಾನರ ಉಗುರಿಗೆ ಸಮ ಇಲ್ಲ ಕಣೋ ನಿಮ್ಮ ಹೊಸಬ! ಬೋಳ! ಬಾಯಿಬಡುಕ!”

“ನಿಮ್ಮ ಯಜಮಾನ ಮುದಿ ಗೂಬೆ!”

ಈ ಕೊನೆಯ ಮಾತು ಕಿಟಕಿಯಿಂದ ಬೀದಿಗೆ ಬಿತ್ತು. ಬೀದಿ ಬಿಟ್ಟೀತೇ? ಹೊಸ ಅಧ್ಯಕ್ಷ ಹಳೇ ಅಧ್ಯಕ್ಷರನ್ನು ಗೂಬೆ ಅಂದನಂತೆ, ಅಳಿಯ ಹೊಡೆಯಲು ಕೈ ಎತ್ತಿದನಂತೆ, ಸಂಘ ಮತ್ತೆ ಒಡೆಯಿತಂತೆ. ಯತ್ತಪ್ಪ ಮುಂದಾಗಿ, ಸೂರಪ್ಪ, ನಿರ್ಮಲಾ, ತೇಜಶ್ರೀ ಎಲ್ಲರೂ ಮಹಡಿಗೆ ನುಗ್ಗಿದರು. ಬಾಗಿಲು ತೆಗೆದರೆ ಇಬ್ಬರೂ ಒಂದೇ ಕಂಟ್ರೋಲರನ್ನು ಎಳೆದಾಡುತ್ತಿದ್ದರು. ಟಿವಿಯಲ್ಲಿ ಕೂದಲು ಕತ್ತರಿಸಿಕೊಂಡ ಹುಡುಗನೊಬ್ಬ ಕುಡುಗೋಲು ಹಿಡಿದು ಕಾಯುತ್ತಿದ್ದ. ಡಬ್ಬಿಯ ಜೊತೆ ಬಿಟ್ಟಿ ಬಂದು ಗೋಡೆಗೆ ಅಂಟಿದ್ದ ಪೋಸ್ಟರಿನಲ್ಲಿ ಬೆಳ್ಳಿ ಕೂದಲು, ಕೆಂಪು ಬಟ್ಟೆಯ ಇನ್ನೊಬ್ಬ.

ಸೂರಪ್ಪ ಪೋಸ್ಟರು ನೋಡಿದರು. ಟಿವಿ ನೋಡಿದರು. ಅಳಿಯನನ್ನು ನೋಡಿದರು.

“ಅಂದ್ರೆ, ನೀವು ಹೊಗಳಿದ್ದು ಈ ಗೊಂಬೇನ?”

ತೇಜಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ನಂಗೆ ಆಗ್ಲೇ ಅನುಮಾನ ಇತ್ತು,” ಎಂದರು ಸೂರಪ್ಪ, ಮಂಚದ ಮೇಲೆ ಕೂರುತ್ತಾ. “ನಾನು ಯಾವತ್ತು ಅಷ್ಟು ಚೆಂದ ಇದ್ದೆ ಅಂತ. ಬೈದಿದ್ದು ಮಾತ್ರ ನನಗೇ ಇರ್ಬೇಕು ಬಿಡ್ರಿ, ಸರಿಯಾಗೇ ಹೊಂದ್ತು.” ಅವರ ಹೊಟ್ಟೆ ಸಣ್ಣಗೆ ಕುಲುಕತೊಡಗಿತು. ನೋಡನೋಡುತ್ತ ಅದು ದೊಡ್ಡ ನಗುವಾಗಿ ಮಹಡಿಯೆಲ್ಲ ತುಂಬಿತು. ನಿರ್ಮಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯತ್ತಪ್ಪನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

“ಎಲ್ಲಿ, ಕೊಡು ಇಲ್ಲಿ. ಹೊಸಬನ್ನ ನಾನೂ ಕೈಲಿ ಹಿಡಿದು ನೋಡ್ತೀನಿ,” ಎಂದು ಸೂರಪ್ಪ ಕಂಟ್ರೋಲರು ಕಿತ್ತುಕೊಂಡರು. ವರ್ಷಗಟ್ಟಲೆ ಮಗ್ಗದ ಲಾಳಿ ಎಸೆದ ಬೆರಳುಗಳು. ಗುಂಡಿಗಳ ಮೇಲೆ ಎರಡು ಸಲ ತಡವರಿಸಿ ಮೂರನೆಯದಕ್ಕೆ ಓಡತೊಡಗಿದವು. ಟಿವಿಯ ಹುಡುಗ ಎಗರಿ ಎಗರಿ ಬಡಿದ. ಸೂರಪ್ಪನವರ ಶಾಲು ಜಾರಿ ನೆಲಕ್ಕೆ ಬಿದ್ದದ್ದು ಅವರಿಗೆ ತಿಳಿಯಲಿಲ್ಲ.

ಹನುಮಂತರಾಯ ಗಂಟಲು ಸರಿಮಾಡಿಕೊಂಡ. “ಮಾವ, ನ್ಯಾಯವಾಗಿ ನೋಡಿದ್ರೆ, ಹಳೆಯದರಾಗೆ ಇದಕ್ಕಿಂತ—”

“ಅಳಿಯಂದಿರೇ,” ಎಂದರು ಸೂರಪ್ಪ ಟಿವಿಯಿಂದ ಕಣ್ಣು ಕೀಳದೆ, “ಸ್ವಲ್ಪ ಸುಮ್ನಿರ್ರಿ. ಆಡಾಕೆ ಬಿಡ್ರಿ.”